ಸಂಪಂಗಿ ಕೆರೆ ಮತ್ತು ಹಸಿ ಕರಗ: ನಗರ ನವೀಕರಣದ ಒಂದು ಜಾನಪದೀಯ ನೋಟ

ಬೆಂಗಳೂರು ಕರಗವನ್ನು ಕುರಿತ ಬರಹಗಳು ಸಾಮಾನ್ಯವಾಗಿ ದ್ರೌಪದಿ ಹಾಗೂ ವೀರಕುಮಾರರ ಪುರಾಣದಿಂದ ಆರಂಭವಾಗುತ್ತವೆ. ಪ್ರಸ್ತುತ ಲೇಖನವು ಆ ಆಚರಣೆಗೆ ಸೇರಿದ ಒಂದು ಸ್ಥಳವನ್ನಷ್ಟೇ ಗಮನಿಸುತ್ತದೆ.

ಪೇಟೆಗೂ ದಂಡು ಪ್ರದೇಶಕ್ಕೂ ನಡುವೆ ಇದ್ದ ಸಂಪಂಗಿ ಕೆರೆ ಎರಡೂ ಕಡೆಯವರಿಗೆ ನೀರಿನ ಆಧಾರವಾಗಿತ್ತು. ಕೆರೆಯ ನೀರನ್ನೂ ಆಸುಪಾಸಿನ ಬಾವಿಗಳನ್ನೂ ನಂಬಿ ತಿಗಳರು ಹೂವು, ಸೊಪ್ಪು, ತರಕಾರಿ ಬೆಳೆದು ಊರಿಗೆ ಒದಗಿಸುತ್ತಿದ್ದರು. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳಾಯಿಯ ಮೂಲಕ ಊರಿಗೆ ಬಂದಿತು. 1898ರ ಪ್ಲೇಗಿನ ಹಾವಳಿಯು ಪೇಟೆಯ ಇಕ್ಕಟ್ಟನ್ನು ಬಯಲಿಗೆ ತಂದಿತು. ಬಸವನಗುಡಿ, ಮಲ್ಲೇಶ್ವರಗಳಂಥ ವಿಶಾಲ ಬಡಾವಣೆಗಳು ಬೆಳೆದವು. ಜನಾರೋಗ್ಯದ ದೃಷ್ಟಿಯಿಂದ ಇವು ಅಗತ್ಯವಾಗಿದ್ದವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಕುಡಿಯುವ ನೀರಿಗೆ ಬೇಡವಾದ ಕೆರೆಯು ಕ್ರಮೇಣ ಆಡಳಿತದ ಕಣ್ಣಿಗೆ ಬಳಕೆಗೆ ಒದಗಬಹುದಾದ ಖಾಲಿ ನೆಲವಾಗಿ ಕಾಣತೊಡಗಿತು. ತೋಟಗಾರನಿಗಾದರೋ ಕೆರೆ ತುಂಬಿರಲೇಬೇಕಿತ್ತು. ಧರ್ಮಾಂಬುಧಿಯ ಅಂಗಳ ಬಸ್ ನಿಲ್ದಾಣವಾಯಿತು. ಸಂಪಂಗಿಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ತಲೆಯೆತ್ತಿತು. ಪಕ್ಕದಲ್ಲಿ ಉಳಿದದ್ದು ಒಂದು ಪುಟ್ಟ ಕೊಳ.

ಅದು ಉಳಿದದ್ದಾದರೂ ಕರಗದ ಕಾರಣದಿಂದ. ಚೈತ್ರ ಹುಣ್ಣಿಮೆಯ ಕರಗಕ್ಕೆ ಮುನ್ನ ನಡೆಯುವ ಹಸಿ ಕರಗವು ಇಲ್ಲಿಂದಲೇ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಗೆ ಸಾಗಬೇಕು. ಹಸಿ ಎಂಬ ಮಾತೇ ಸುಡದ ಮಣ್ಣನ್ನೂ ನೀರನ್ನೂ ನೆನಪಿಗೆ ತರುತ್ತದೆ. ನಗರವು ಕೆರೆಯನ್ನು ಅಳಿಸಿದರೂ ಆಚರಣೆಯು ಅದರ ನಕ್ಷೆಯನ್ನು ಹೆಜ್ಜೆಗಳಲ್ಲಿ ಕಾಪಾಡಿಕೊಂಡಿದೆ. ಜಾನಪದ ವಿದ್ವಾಂಸರಾದ ನಾವು ಇದನ್ನು ಪರಂಪರೆಯ ಸಾತತ್ಯವೆಂದು ಕರೆದು ಸಮಾಧಾನ ಪಡುತ್ತೇವೆ. (ಈ ಲೇಖಕನೂ ಹಿಂದೆ ಹಾಗೆಯೇ ಬರೆದದ್ದುಂಟು.) ಆ ಸಮಾಧಾನವನ್ನು ಪರಿಶೀಲಿಸಬೇಕಾಗಿದೆ. ತೋಟಗಾರನಿಗೆ ಕೆರೆಯೊಡನೆ ಇದ್ದ ಸಂಬಂಧ ದಿನನಿತ್ಯದ್ದು, ಅನ್ನದ್ದು. ಈಗಿನದು ವರ್ಷಕ್ಕೊಮ್ಮೆ ಬರುವ ಪೂಜೆಯ ಸಂಬಂಧ. ನವೀಕರಣದ ಯೋಜನೆಗಳು ಮೊದಲನೆಯದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಎರಡನೆಯದಕ್ಕೆ ಮಾತ್ರ ಒಂದಿಷ್ಟು ಜಾಗ ಬಿಟ್ಟವು. ದೇವರ ಹೆಸರಿನಲ್ಲಿ ಕೇಳಿದ್ದಕ್ಕೆ ದೊರೆತ ಮನ್ನಣೆ ಕಸುಬಿನ ಹೆಸರಿನಲ್ಲಿ ಕೇಳಿದ್ದಕ್ಕೆ ದೊರೆಯಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಕಸುಬಿನೊಡನೆ ಅದರ ನುಡಿಯೂ ಹಿಂದೆ ಸರಿದಿದೆ. ಏರಿ, ತೂಬು, ಕೋಡಿ, ಮಡಿ, ಪಾತಿ ಮೊದಲಾದ ಪದಗಳಿಗೆ ಇಲ್ಲೀಗ ದಿನಬಳಕೆಯ ಕೆಲಸವಿಲ್ಲ. ಸಂಪಂಗಿರಾಮನಗರ ಎಂಬ ಬಡಾವಣೆಯ ಹೆಸರು ನಿಂತಿದೆ. ಕರಗದ ದಿನಗಳಲ್ಲಿ ಆ ಪುಟ್ಟ ಕೊಳವನ್ನು ಇಂದಿಗೂ ಸಂಪಂಗಿ ಕೆರೆಯೆಂದೇ ಕರೆಯುತ್ತಾರೆ.