ಬರಿಗಾಲಿನಿಂದ ಒಳಬರುವ ಕೊಕ್ಕೆಹುಳು

ಶಾಲೆಯಿಂದ ಬಂದ ಮಗು ಪುಸ್ತಕ ಹಿಡಿದೊಡನೆ ತೂಕಡಿಸುತ್ತದೆ. ತೋಟದಿಂದ ಮರಳಿದ ಗೃಹಿಣಿ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತಾಳೆ. ಮಗುವನ್ನು ಸೋಮಾರಿಯೆಂದು ಗದರುತ್ತೇವೆ. ಗೃಹಿಣಿಗೆ ಬಿಸಿಲಿನ ದಣಿವೆಂದು ಸಮಾಧಾನ ಹೇಳುತ್ತೇವೆ. ಆದರೆ ಅವರ ಕೆಳರೆಪ್ಪೆಯ ಒಳಭಾಗವನ್ನು ಒಮ್ಮೆ ನೋಡಬೇಕು. ಅದು ಬಿಳಿಚಿಕೊಂಡಿದ್ದರೆ ರಕ್ತಹೀನತೆಯ ಸೂಚನೆ. ರಕ್ತಹೀನತೆಗೆ ಕಾರಣಗಳು ಹಲವು. ಅವುಗಳಲ್ಲಿ ನಾವು ಸುಲಭವಾಗಿ ಮರೆಯುವ ಒಂದು ಕಾರಣವೇ ಕೊಕ್ಕೆಹುಳು.

ದಾರದಂತೆ ತೆಳ್ಳಗಿರುವ ಈ ಹುಳುವಿನ ಉದ್ದ ಸುಮಾರು 1 ಸೆಂಟಿಮೀಟರ್. ಸಣ್ಣ ಕರುಳಿನ ಒಳಗೋಡೆಯನ್ನು ಕಚ್ಚಿಕೊಂಡು ರಕ್ತವನ್ನು ಹೀರುತ್ತ ಇದು ವರ್ಷಗಟ್ಟಲೆ ಬದುಕಬಲ್ಲದು. ಜಾತಿಗನುಸಾರವಾಗಿ ಒಂದು ಹುಳುವಿನಿಂದ ದಿನಕ್ಕೆ ಸುಮಾರು 0.03ರಿಂದ 0.2 ಮಿಲಿಲೀಟರ್ ರಕ್ತ ನಷ್ಟವಾಗುತ್ತದೆ. ಇದು ಅಲ್ಪವೆನಿಸಬಹುದು. ಆದರೆ ನೂರು ಹುಳುಗಳಿದ್ದರೆ ನಷ್ಟ 3ರಿಂದ 20 ಮಿಲಿಲೀಟರಿನಷ್ಟಾಗುತ್ತದೆ. ರಕ್ತದೊಂದಿಗೆ ಕಬ್ಬಿಣದ ಅಂಶವೂ ಹೋಗುವುದರಿಂದ ಮಕ್ಕಳ ಬೆಳವಣಿಗೆ ಮತ್ತು ಕಲಿಕೆ ಕುಂಠಿತವಾಗುತ್ತವೆ. ಗರ್ಭಿಣಿಯರಲ್ಲಿ ರಕ್ತಹೀನತೆ ತೀವ್ರವಾದರೆ ತಾಯಿಯ ಪ್ರಾಣಕ್ಕೂ ಅಪಾಯ; ಶಿಶುವೂ ಕಡಿಮೆ ತೂಕದ್ದಾಗಿ ಹುಟ್ಟಬಹುದು.

ಇದು ದೇಹವನ್ನು ಸೇರುವ ಬಗೆ ವಿಚಿತ್ರವಾದುದು. ಕೈರೋ ನಗರದಲ್ಲಿ ಸಂಶೋಧನೆ ನಡೆಸುತ್ತಿದ್ದ ಜರ್ಮನ್ ವಿಜ್ಞಾನಿ ಆರ್ಥರ್ ಲೂಸ್ ಅವರ ಕೈಮೇಲೆ ಮರಿಹುಳುಗಳಿದ್ದ ದ್ರವ ಅಕಸ್ಮಾತ್ ಚೆಲ್ಲಿತು. ಆ ಜಾಗ ಕೆಂಪಾಗಿ ತುರಿಸಿತು. ಕೆಲವು ವಾರಗಳ ಬಳಿಕ ಅವರ ಮಲದಲ್ಲಿಯೇ ಕೊಕ್ಕೆಹುಳುವಿನ ಮೊಟ್ಟೆಗಳು ಕಂಡವು. ಮರಿಹುಳು ಚರ್ಮವನ್ನು ಕೊರೆದು ಒಳನುಗ್ಗುತ್ತದೆಂಬುದನ್ನು ಅವರು 1898ರಲ್ಲಿ ಪ್ರಕಟಪಡಿಸಿದರು.

ಸೋಂಕುಳ್ಳವರು ಬಯಲಿನಲ್ಲಿ ಮಲವಿಸರ್ಜನೆ ಮಾಡಿದಾಗ ಮೊಟ್ಟೆಗಳು ಮಣ್ಣು ಸೇರುತ್ತವೆ. ನೆರಳು, ತೇವ ಹಾಗೂ ಬೆಚ್ಚನೆಯ ಸಡಿಲ ಮಣ್ಣು ದೊರೆತರೆ ಒಂದೆರಡು ದಿನಗಳಲ್ಲಿ ಒಡೆದು, 5ರಿಂದ 10 ದಿನಗಳಲ್ಲಿ ಮರಿಗಳು ಸೋಂಕು ತಗುಲಿಸುವಷ್ಟು ಬೆಳೆಯುತ್ತವೆ. ಅಲ್ಲಿ ಬರಿಗಾಲಿಟ್ಟವರ ಚರ್ಮವನ್ನು ಹೊಕ್ಕು, ರಕ್ತದ ಮೂಲಕ ಶ್ವಾಸಕೋಶ ಸೇರಿ, ಗಂಟಲಿಗೆ ಏರಿ, ನುಂಗಲ್ಪಟ್ಟು ಕರುಳಿಗೆ ಇಳಿಯುತ್ತವೆ.

ಚಿಕಿತ್ಸೆ ಕಠಿಣವಲ್ಲ. ಮಲಪರೀಕ್ಷೆಯಿಂದ ಸೋಂಕು ತಿಳಿಯುತ್ತದೆ. ವೈದ್ಯರು ಸಾಮಾನ್ಯವಾಗಿ ಆಲ್ಬೆಂಡಜೋಲ್ ಮಾತ್ರೆಯನ್ನೂ, ಅಗತ್ಯವಿದ್ದರೆ ಕಬ್ಬಿಣಾಂಶದ ಮಾತ್ರೆಗಳನ್ನೂ ಕೊಡುತ್ತಾರೆ. ನಮ್ಮ ದೇಶದಲ್ಲಿ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವರ್ಷದವರಿಗೆ ಶಾಲೆ, ಅಂಗನವಾಡಿಗಳಲ್ಲಿ ಈ ಮಾತ್ರೆಯನ್ನು ಉಚಿತವಾಗಿ ನೀಡಲಾಗುತ್ತಿದೆ. ನಮ್ಮ ಮಕ್ಕಳು ಅದನ್ನು ತಪ್ಪಿಸಿಕೊಳ್ಳದಂತೆ ನೋಡಿಕೊಳ್ಳೋಣ. ಗರ್ಭಿಣಿಯರು ಮಾತ್ರ ವೈದ್ಯರ ಸಲಹೆಯಿಲ್ಲದೆ, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ, ಇದನ್ನು ಸೇವಿಸಬಾರದು.

ಆದರೆ ಮಾತ್ರೆಯು ಹೊಟ್ಟೆಯಲ್ಲಿರುವ ಹುಳುವನ್ನು ಕೊಲ್ಲುವುದೇ ಹೊರತು ಮಣ್ಣಿನಲ್ಲಿರುವುದನ್ನಲ್ಲ. ಅದೇ ನೆಲದಲ್ಲಿ ಮತ್ತೆ ಬರಿಗಾಲಿನಲ್ಲಿ ನಡೆದರೆ ಸೋಂಕು ಮರಳುತ್ತದೆ. ಮನೆಯವರೆಲ್ಲರೂ ಶೌಚಾಲಯವನ್ನು ನಿತ್ಯವೂ ಬಳಸಬೇಕು. ಹಸಿ ಮಲವನ್ನು ಗೊಬ್ಬರವಾಗಿ ಹಾಕಬಾರದು. ಊಟಕ್ಕೆ ಮುನ್ನ ಕೈಗಳನ್ನೂ, ಹಸಿಯಾಗಿ ತಿನ್ನುವ ತರಕಾರಿಗಳನ್ನೂ ಚೆನ್ನಾಗಿ ತೊಳೆಯಬೇಕು.

ಇನ್ನೊಂದು ಮಾತು. ಮಗನ ಶಾಲೆಗೆ ಬೂಟು ಕೊಳ್ಳುವ ನಾವು, ಕಳೆ ಕೀಳಲು ಹೋಗುವ ತಾಯಿಗೂ, ಸೊಸೆಗೂ, ಕೂಲಿಗೆ ಬರುವ ಅಕ್ಕತಂಗಿಯರಿಗೂ ಪಾದರಕ್ಷೆ ಬೇಕೆಂಬುದನ್ನು ಮರೆಯುತ್ತೇವೆ. ಮನೆಯ ಹಾಗೂ ಹೊಲದ ದುಡಿಮೆಯನ್ನು ಹೊತ್ತಿರುವ ಆ ಕಾಲುಗಳಿಗೆ ಈ ವರ್ಷ ಮೊದಲ ಜೊತೆ ದೊರೆಯಲಿ.