ಪರಾಗಕ್ಕೆ ಬೀಗ ಹಾಕಿದ ತಾಯಿಯ ಬಳುವಳಿ

ಮಳೆಗಾಲದಲ್ಲಿ ದಾವಣಗೆರೆ, ಹಾವೇರಿ ಕಡೆ ಹೋದರೆ ರಸ್ತೆಯ ಎರಡೂ ಬದಿಗೆ ಮೆಕ್ಕೆಜೋಳದ ಹೊಲಗಳು. ಗಿಡದ ತುದಿಯಲ್ಲಿ ಜುಟ್ಟಿನಂತೆ ಕಾಣುವ ಸೂಲಂಗಿಯೇ ಗಂಡು ಹೂ. ಕೆಳಗೆ, ರೇಷ್ಮೆಯಂಥ ಕೂದಲು ಇಳಿಬಿಟ್ಟ ತೆನೆ ಹೆಣ್ಣು ಹೂ. ಸೂಲಂಗಿಯ ಪರಾಗ ಗಾಳಿಯಲ್ಲಿ ಹಾರಿ ಆ ಕೂದಲಿನ ಮೇಲೆ ಬಿದ್ದರೆ ಮಾತ್ರ ಕಾಳು ಕಟ್ಟುತ್ತದೆ.

ಹೈಬ್ರಿಡ್ ಬೀಜ ಬೇಕೆಂದರೆ ತಾಯಿ ಸಾಲಿನ ತೆನೆಗೆ ಬೇರೆ ತಳಿಯ ಪರಾಗವೇ ಬೀಳಬೇಕು. ಹಾಗಾಗಿ ತಾಯಿ ಗಿಡಗಳ ಸೂಲಂಗಿಯನ್ನು ಒಂದೊಂದಾಗಿ ಕೀಳಬೇಕು. ಅಮೆರಿಕದ ಹಳ್ಳಿಗಳಲ್ಲಿ ಬೇಸಿಗೆ ರಜೆಯ ಹುಡುಗ ಹುಡುಗಿಯರಿಗೆ ಇದೇ ಕೂಲಿ ಕೆಲಸ.

1940ರ ದಶಕದಲ್ಲಿ ಟೆಕ್ಸಾಸ್‌ನಲ್ಲಿ ವಿಚಿತ್ರ ಗಿಡವೊಂದು ಸಿಕ್ಕಿತು. ಅದರ ತೆನೆ ಸರಿಯಾಗಿತ್ತು, ಸೂಲಂಗಿಯಲ್ಲಿ ಮಾತ್ರ ಪರಾಗವಿಲ್ಲ! ಈ ಗುಣ ತಾಯಿಯಿಂದಲೇ ಮಕ್ಕಳಿಗೆ ಬರುತ್ತಿತ್ತು. ಬೀಜ ಕಂಪನಿಗಳಿಗೆ ಸೂಲಂಗಿ ಕೀಳುವ ಖರ್ಚೇ ಉಳಿಯಿತು.

ಇದಕ್ಕೆ ಕಾರಣ ಮೈಟೊಕಾಂಡ್ರಿಯಾ. ಜೀವಕೋಶದೊಳಗೆ ಶಕ್ತಿ ಒದಗಿಸುವ ಪುಟ್ಟ ಒಲೆಗಳಿವು. ಇವುಗಳಿಗೆ ತಮ್ಮದೇ ಕೆಲವು ಜೀನ್‌ಗಳಿವೆ. ಹೆಚ್ಚಿನ ಗಿಡಗಳಲ್ಲಿ ಇವು ತಾಯಿಯಿಂದ ಮಾತ್ರ ಬರುತ್ತವೆ. ಪರಾಗಕೋಶದ ಒಳಪದರ ಬೆಳೆಯುವ ಪರಾಗಕ್ಕೆ ಉಣಿಸುತ್ತದೆ. ಈ ಕೆಲಸಕ್ಕೆ ಬಹಳ ಶಕ್ತಿ ಬೇಕು, ಆಗ ಅಲ್ಲಿನ ಒಲೆಗಳ ಸಂಖ್ಯೆ ಹಲವು ಪಟ್ಟು ಹೆಚ್ಚುತ್ತದೆ. ಟೆಕ್ಸಾಸ್ ಗಿಡದ ಮೈಟೊಕಾಂಡ್ರಿಯಾದಲ್ಲಿ ಹಳೆಯ ಜೀನ್‌ಗಳ ತುಣುಕುಗಳು ಬೆರೆತು ಒಂದು ಹೊಸ ಜೀನ್ ಹುಟ್ಟಿತ್ತು. ಅದು ತಯಾರಿಸುವ ಪ್ರೋಟೀನು ಮೈಟೊಕಾಂಡ್ರಿಯಾದ ಪೊರೆಯಲ್ಲಿ ಕೂರುತ್ತದೆ. ಉಣಿಸುವ ಪದರ ಅವಧಿಗೆ ಮುನ್ನವೇ ಸಾಯುತ್ತದೆ, ಪರಾಗ ಸೊರಗುತ್ತದೆ.

ಹಾಗಾದರೆ ರೈತನ ಹೊಲದಲ್ಲಿ ಕಾಳು ಕಟ್ಟುವುದು ಹೇಗೆ? ತಂದೆ ತಳಿಯ ಕೋಶಕೇಂದ್ರದಲ್ಲಿರುವ ಬೇರೆ ಜೀನ್‌ಗಳು ಆ ಕೇಡನ್ನು ತಡೆಯುತ್ತವೆ. ಹೀಗೆ ಹೈಬ್ರಿಡ್ ಗಿಡದಲ್ಲಿ ಮತ್ತೆ ಪರಾಗ ಮೂಡುತ್ತದೆ.

1970ರ ಹೊತ್ತಿಗೆ ಅಮೆರಿಕದ ಮೆಕ್ಕೆಜೋಳದಲ್ಲಿ ನೂರಕ್ಕೆ ಸುಮಾರು 85 ಭಾಗ ಈ ಒಂದೇ ತಾಯಿಯ ಸಂತತಿ. ಆ ವರ್ಷ ಎಲೆ ಒಣಗಿಸುವ ಶಿಲೀಂಧ್ರದ ಹೊಸ ಬಗೆಯೊಂದು ದಕ್ಷಿಣದಿಂದ ಉತ್ತರಕ್ಕೆ ಹರಡಿತು. ಅದರ ವಿಷ ಹುಡುಕಿಕೊಂಡು ಬಂದದ್ದು ಅದೇ ಪ್ರೋಟೀನನ್ನು! ವಿಷ ಅಂಟಿದೊಡನೆ ಮೈಟೊಕಾಂಡ್ರಿಯಾದ ಪೊರೆ ತೂತಾಗಿ ಒಲೆ ಆರಿತು. ದೇಶದ ಬೆಳೆಯಲ್ಲಿ ನೂರಕ್ಕೆ ಸುಮಾರು 15 ಭಾಗ ಹಾಳಾಯಿತು, ನಷ್ಟ ನೂರು ಕೋಟಿ ಡಾಲರ್ ಎಂದು ಅಂದಾಜಿಸಲಾಯಿತು. ಕಂಪನಿಗಳು ಟೆಕ್ಸಾಸ್ ತಾಯಿಯನ್ನು ಕೈಬಿಟ್ಟವು. ಮಕ್ಕಳು ಮತ್ತೆ ಸೂಲಂಗಿ ಕೀಳಲು ಹೊಲಕ್ಕಿಳಿದರು.

ಹೈಬ್ರಿಡ್ ಜೋಳ, ಸೂರ್ಯಕಾಂತಿ, ಭತ್ತದ ಬೀಜಕ್ಕೆ ಇಂದಿಗೂ ಪರಾಗವಿಲ್ಲದ ತಾಯಿಯರೇ ಆಸರೆ. ಆದರೆ ಅವರ ಮೈಟೊಕಾಂಡ್ರಿಯಾದ ಬಗೆ ಬೇರೆ. ಒಂದೇ ತಾಯಿಯನ್ನು ನೆಚ್ಚಿ ಇಡೀ ದೇಶ ಬಿತ್ತಬಾರದೆಂದು ತಳಿ ವಿಜ್ಞಾನಿಗಳು ಈಗಲೂ 1970ನ್ನು ನೆನೆಯುತ್ತಾರೆ.