ಆರಾಧನಾ ಗೀತೆಯ ರಚನೆ: ಮಾತು, ಮಾತ್ರೆ, ವಿಶ್ವಾಸ

ಗುರುಮಠಗಳಲ್ಲಿ ಹಾಡು ಕಟ್ಟುವ ಉತ್ಸಾಹಕ್ಕೆ ಕೊರತೆಯಿಲ್ಲ. ಪಾಲಕ ಸಂತರ ಹಬ್ಬಕ್ಕೊಂದು, ಗುರುದೀಕ್ಷೆಗೊಂದು ಹೊಸ ಗೀತೆ ಸಿದ್ಧವಾಗುತ್ತದೆ. ರಾಗ ಇಂಪಾಗಿರುತ್ತದೆ; ಸಾಹಿತ್ಯ ಮಾತ್ರ ಅದರ ಹಿಂದೆ ಏದುಸಿರು ಬಿಡುತ್ತಾ ಓಡುತ್ತಿರುತ್ತದೆ. ಇದನ್ನು ಕೇವಲ ಕಲೆಯ ಲೋಪವೆಂದು ತಳ್ಳಿಹಾಕುವಂತಿಲ್ಲ. ನಮ್ಮ ವಿಶ್ವಾಸಿಗಳಲ್ಲಿ ಬಹುಮಂದಿ ದೈವಶಾಸ್ತ್ರದ ಗ್ರಂಥಗಳನ್ನು ಓದುವವರಲ್ಲ. ರೋಗಶಯ್ಯೆಯಲ್ಲಿ, ಸಾವಿನ ಮನೆಯಲ್ಲಿ ಅವರ ಬಾಯಿಗೆ ಬರುವುದು ಹಾಡೇ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಪ್ರಕಟಿಸಿದ ದೈವಾರಾಧನೆಯ ಸಂವಿಧಾನವು, ಗೀತೆಗಳ ಸಾಹಿತ್ಯ ಧರ್ಮಸಭೆಯ ಬೋಧನೆಗೆ ಅನುಗುಣವಾಗಿರಬೇಕು, ಮುಖ್ಯವಾಗಿ ಪವಿತ್ರ ಗ್ರಂಥದಿಂದಲೂ ಆರಾಧನಾ ಪಠ್ಯಗಳಿಂದಲೂ ಹೊಮ್ಮಬೇಕು ಎಂದು ವಿಧಿಸಿರುವುದು ಈ ಕಾರಣಕ್ಕೇ.

ಆದುದರಿಂದ ರಚನೆಕಾರನ ಮೊದಲ ಪಾಠಶಾಲೆ ಕೀರ್ತನೆಗಳ ಗ್ರಂಥ. ಇಪ್ಪತ್ತಮೂರನೆಯ ಕೀರ್ತನೆಯನ್ನೇ ಗಮನಿಸಿರಿ. ಮೊದಲ ಮೂರು ಚರಣಗಳಲ್ಲಿ ಕೀರ್ತನಕಾರನು ಸರ್ವೇಶ್ವರನ ಕುರಿತು ಮಾತನಾಡುತ್ತಾನೆ: ‘ಆತನು’. ಕಾರ್ಗತ್ತಲ ಕಣಿವೆಗೆ ಇಳಿದೊಡನೆ ಅದೇ ಬಾಯಿ ‘ನೀನು’ ಎನ್ನುತ್ತದೆ. ಹಸಿರುಗಾವಲಿನಲ್ಲಿ ದೇವರ ವಿಷಯವಾಗಿ ಹೇಳುತ್ತಿದ್ದವನು, ಭಯದ ಹೊತ್ತಿನಲ್ಲಿ ದೇವರಿಗೇ ಹೇಳತೊಡಗುತ್ತಾನೆ. ಒಂದು ಸರ್ವನಾಮದ ಬದಲಾವಣೆಯಲ್ಲಿ ಪ್ರಾರ್ಥನೆಯ ದೈವಶಾಸ್ತ್ರವೇ ಅಡಗಿದೆ. ನಮ್ಮ ಹಲವು ಗೀತೆಗಳಲ್ಲಿಯೂ ‘ಆತನು’ ಹೋಗಿ ‘ನೀನು’ ಬರುತ್ತದೆ. ಆದರೆ ಅಲ್ಲಿ ಕಾರಣ ಎರಡು ಮಾತ್ರೆಯ ಕೊರತೆ, ಅಷ್ಟೇ.

ಮಾತ್ರೆಯ ವಿಚಾರಕ್ಕೆ ಬಂದರೆ, ಕನ್ನಡದಲ್ಲಿ ಹ್ರಸ್ವ ದೀರ್ಘಗಳು ಅರ್ಥವನ್ನೇ ನಿರ್ಧರಿಸುತ್ತವೆ. ‘ನೀನೇ ನನ್ನ ಬಲ’ ಎಂಬ ಸಾಲಿನ ಕೊನೆಯ ಪದದ ಮೊದಲಕ್ಷರವನ್ನು ದೀರ್ಘ ಸ್ವರದ ಮೇಲೆ ಕೂರಿಸಿದರೆ ಗಾನವೃಂದವು ‘ಬಾಲ’ ಎಂದು ಹಾಡುತ್ತದೆ. ಮಕ್ಕಳು ಮುಸಿಮುಸಿ ನಗುತ್ತಾರೆ. ‘ಮನ’ವು ‘ಮಾನ’ವಾಗುವುದೂ ಹೀಗೆಯೇ. ಪಾಶ್ಚಾತ್ಯ ರಾಗಗಳಿಗೆ ಪದ ಹೊಂದಿಸುವಾಗ ಈ ಅಪಾಯ ಹೆಚ್ಚು, ಏಕೆಂದರೆ ಅವುಗಳಲ್ಲಿ ಅನೇಕವು ದುರ್ಬಲ ಪೆಟ್ಟಿನಿಂದ ಆರಂಭವಾಗುತ್ತವೆ, ಕನ್ನಡ ಪದದ ಒತ್ತಾದರೋ ಸಾಮಾನ್ಯವಾಗಿ ಮೊದಲಕ್ಷರದ ಕಡೆಗೇ ವಾಲುತ್ತದೆ. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ ಯೇಸುಸ್ವಾಮಿಯ ಜೀವನವನ್ನು ‘ಕಥಾಮಾಲೆ’ಯಲ್ಲಿ (1862) ಈ ನೆಲದ ಛಂದಸ್ಸಿನಲ್ಲಿಯೇ ಹಾಡಿದರು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಪ್ರಕಟಿಸಿದರು. ಜರ್ಮನಿಯಿಂದ ಬಂದವರು ಕಲಿತ ಷಟ್ಪದಿಯನ್ನು ನಾವು ಕಲಿಯದಿರುವುದು ಸೋಜಿಗ. ಮೂರು ನಾಲ್ಕು ಮಾತ್ರೆಗಳು ಪರ್ಯಾಯವಾಗಿ ಬರುವ ಭಾಮಿನಿಯ ನಡೆಯನ್ನು ಕೈಬೆರಳಲ್ಲಿ ಎಣಿಸುತ್ತಾ ಒಂದು ತಿಂಗಳು ಬರೆದು ನೋಡಲಿ.

ಪ್ರಾಸದ ಬಗೆಗೂ ಒಂದು ಮಾತು. ನಮ್ಮ ಹಳೆಯ ಕವಿಗಳು ಪಾಲಿಸಿದ್ದು ಸಾಲಿನ ಎರಡನೆಯ ಅಕ್ಷರದ ಪ್ರಾಸ. ಕ್ರಿಯಾಪದವು ಕೊನೆಗೆ ಬರುವ ನಮ್ಮ ಭಾಷೆಯಲ್ಲಿ ‘ಹಾಡುವೆವು, ಬೇಡುವೆವು, ನೀಡುವೆವು’ ಎಂಬ ಅಂತ್ಯಪ್ರಾಸ ಬಿಟ್ಟಿಯಾಗಿ ಸಿಗುತ್ತದೆ. ಕಾಣಿಕೆ ಗೀತೆಗಳು ಈ ‘ನೀಡುವೆವು’ಗಳಿಂದಲೇ ತುಂಬಿರುವುದರಿಂದ, ಬಲಿಯನ್ನು ಅರ್ಪಿಸುವವರು ನಾವೇ, ದೇವರು ಕೇವಲ ಸ್ವೀಕರಿಸುವವರು ಎಂಬ ಭಾವನೆ ಬೇರೂರುತ್ತದೆ. ಕ್ರಿಸ್ತರ ಆತ್ಮಾರ್ಪಣೆಯಲ್ಲಿ ನಾವು ಸೇರಿಕೊಳ್ಳುತ್ತೇವೆ ಎಂಬ ಸತ್ಯಕ್ಕೆ ಆ ಹಾಡಿನಲ್ಲಿ ಸ್ಥಳವೇ ಉಳಿಯುವುದಿಲ್ಲ. ಪ್ರಾಸವು ಇಲ್ಲಿ ಬೋಧಕನ ಪೀಠವನ್ನು ಆಕ್ರಮಿಸಿಕೊಂಡಿದೆ.

ಸರಳತೆಯನ್ನು ಸಂತ ಅಂಬ್ರೋಸರಿಂದ ಕಲಿಯಬಹುದು. 386ರಲ್ಲಿ ಮಿಲಾನಿನ ದೇವಾಲಯದೊಳಗೆ ಅವರೊಡನೆ ಎಚ್ಚರವಿದ್ದ ಜನರು ದುಃಖದಿಂದ ಕುಗ್ಗಬಾರದೆಂದು ಅಲ್ಲಿ ಸ್ತೋತ್ರಗಾನ ಆರಂಭವಾಯಿತು ಎಂದು ಸಂತ ಅಗಸ್ಟೀನರು ಬರೆದಿದ್ದಾರೆ. ಅಂಬ್ರೋಸರ ಸ್ತೋತ್ರದ ಸಾಲಿಗೆ ಎಂಟು ಉಚ್ಚಾರಾಂಶ, ಪದ್ಯಕ್ಕೆ ನಾಲ್ಕು ಸಾಲು, ಸ್ತೋತ್ರಕ್ಕೆ ಎಂಟು ಪದ್ಯ. ಬಳಲಿದವರೂ ಹಾಡಬಲ್ಲಷ್ಟು ಚಿಕ್ಕ ಸಾಲು.

ಬರೆದ ಗೀತೆಯನ್ನು ಮೊದಲು ರಾಗವಿಲ್ಲದೆ ಗಟ್ಟಿಯಾಗಿ ಓದಿರಿ. ಅನಂತರ ಅಕ್ಷರ ಬಾರದ ಒಬ್ಬ ಅಜ್ಜಿಗೆ ಎರಡು ಬಾರಿ ಹಾಡಿ ಕೇಳಿಸಿ, ಪಲ್ಲವಿಯನ್ನು ಹೇಳುವಂತೆ ಕೋರಿರಿ. ಅವರು ತಡವರಿಸಿದ ಪದವನ್ನು ಗುರುತು ಹಾಕಿಕೊಂಡು ಮರಳಿ ಮೇಜಿಗೆ ಬನ್ನಿರಿ.